ಜನರೇಟರಿಗೆ ಫೈಬರ್ ಸೆನ್ಸರ್ ಹಾಕಿಸಿದವರು ಇದ್ದೀರಾ? ಅನುಭವ ಹೇಳಿ

ಕಬ್ಬಿನೂರು
ಎಲ್ಲರಿಗೂ ನಮಸ್ಕಾರ. ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕೋಜೆನ್‌ನಲ್ಲಿ (ಕಾರ್ಖಾನೆಯದೇ ವಿದ್ಯುತ್ ಘಟಕ) ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. 22 ಮೆಗಾವ್ಯಾಟ್, 11 ಕೆವಿ, 1500 ಆರ್‌ಪಿಎಂ ಜನರೇಟರ್. ಕಳೆದ ಹಂಗಾಮಿನಲ್ಲಿ ಅದರ ತಿರುಗದ ಭಾಗವಾದ ಸ್ಟೇಟರ್‌ನ ಒಂದು ತುದಿಯಲ್ಲಿ ಕಾಯಿಲ್ ಕಟ್ಟು ಸಡಿಲವಾಗಿ ಬಿಳಿ ಪುಡಿ ಉದುರಿತ್ತು. ಕಟ್ಟು ಬಿಗಿ ಮಾಡಿ, ವಾರ್ನಿಷ್ ಹೊಡೆಸಿದ್ದೇವೆ. ಇನ್ನು ಮುಂದೆ ಎಂಡ್ ವೈಂಡಿಂಗ್ (ಸ್ಟೇಟರ್ ತುದಿಯಲ್ಲಿ ಹೊರಚಾಚಿರುವ ಕಾಯಿಲ್ ಭಾಗ) ವೈಬ್ರೇಶನ್, ಬೇರಿಂಗ್ ಟೆಂಪರೇಚರ್ ಎರಡನ್ನೂ ಗಾಜಿನ ಎಳೆ ಅಂದರೆ ಫೈಬರ್‌ನಲ್ಲೇ ನೋಡಬೇಕು ಅಂತ ಮ್ಯಾನೇಜ್‌ಮೆಂಟ್ ಹೇಳುತ್ತಿದೆ. ವೆಂಡರ್ ಒಬ್ಬರು ಒಂದೇ ಡಬ್ಬದಲ್ಲಿ ಎರಡೂ ಆಗುತ್ತೆ ಅಂತಾರೆ. ಎಫ್‌ಬಿಜಿ (ಫೈಬರ್ ಬ್ರ್ಯಾಗ್ ಗ್ರೇಟಿಂಗ್: ಎಳೆಯೊಳಗಿನ ಗೆರೆಗಳು ಒಂದು ತರಂಗಾಂತರದ ಬೆಳಕನ್ನು ವಾಪಸ್ ಕಳಿಸುತ್ತವೆ, ಬಿಸಿಯಾದರೆ ಅಥವಾ ಜಗ್ಗಿದರೆ ಅದು ಬದಲಾಗುತ್ತೆ), 8 ಚಾನೆಲ್, ಸುಮಾರು 14 ಲಕ್ಷ. ದಸರಾ ಆದ ಮೇಲೆ ಬಾಯ್ಲರ್ ಪ್ರದೀಪನ, ಟೈಮ್ ಕಮ್ಮಿ. ತಗೋಬಹುದಾ?

ಎಳೆಬೆಳಕು
ಸರ್, ಇದರಲ್ಲಿ ಮೂರು ವರ್ಷ ಸವೆಸಿದವನು ನಾನು. ನಮ್ಮದು ಕಾಗದದ ಕಾರ್ಖಾನೆ. ಡ್ರೈಯರ್ ಕಡೆ ಸದಾ ಆವಿ, ಟೆಂಪರೇಚರ್ ನೋಡೋ ತಂತಿಯ ಸೆನ್ಸರ್ ಅಂದರೆ ಆರ್‌ಟಿಡಿ ಕೇಬಲ್ ಆರು ತಿಂಗಳಿಗೊಮ್ಮೆ ಕೊಳೆಯುತ್ತಿತ್ತು. ಅದಕ್ಕೇ 24 ಬೇರಿಂಗಿಗೆ ಎಫ್‌ಬಿಜಿ ಮಾಡಿಸಿದ್ದು. ಇಂಟರಾಗೇಟರ್ (ಎಳೆಯ ಬೆಳಕು ಓದೋ ಡಬ್ಬ) 9 ಲಕ್ಷದ 40 ಸಾವಿರ. ಎಳೆ ಬೆಸೆಯೋ ಸ್ಪ್ಲೈಸಿಂಗ್ ಮೆಷಿನ್ ಬಾಡಿಗೆ ದಿನಕ್ಕೆ 2,500, ನಾಲ್ಕು ದಿನದ ಕೆಲಸ ಅಂತ ತಂದಿದ್ದು 11 ದಿನ ಇಟ್ಟುಕೊಂಡೆವು. ಆರ್ಮರ್ಡ್ ಪ್ಯಾಚ್ ಕಾರ್ಡ್ 62 ಸಾವಿರ. ಜಿಎಸ್‌ಟಿ ಬೇರೆ.

ಎಡವಿದ್ದು ಸೆನ್ಸರ್‌ನಲ್ಲಿ. ಸ್ಟೀಲ್ ಕೊಳವೆಯೊಳಗೆ ಸಡಿಲವಾಗಿ ಕೂರಿಸಿದ್ದು 13,500. ಬರೀ ಎಳೆ 4,800. ಬರೀ ಎಳೆ ತಂದು ನಾವೇ ಹೌಸಿಂಗ್ ಮೇಲೆ ಎಪಾಕ್ಸಿಯಲ್ಲಿ ಅಂಟಿಸಿದೆವು. 2,08,800 ರೂಪಾಯಿ ಉಳಿಯಿತು ಅಂತ ಖುಷಿಪಟ್ಟಿದ್ದೆವು. ಎಳೆ ಸಡಿಲವಾಗಿದ್ದರೆ ವಾಪಸ್ ಬರೋ ಬೆಳಕಿನ ತರಂಗಾಂತರ ಒಂದು ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತೆ. ಕಬ್ಬಿಣಕ್ಕೆ ಅಂಟಿಸಿದರೆ ಕಾದ ಕಬ್ಬಿಣ ಹಿಗ್ಗಿ ಎಳೆಯನ್ನೂ ಜಗ್ಗುತ್ತೆ, ಆ 10ರ ಜೊತೆಗೆ ಅದರ ಲೆಕ್ಕ ಇನ್ನೂ 14ರ ಹತ್ತಿರ. ಸಾಫ್ಟ್‌ವೇರ್‌ನಲ್ಲಿ ನಾವು 10 ಅಂತಲೇ ಬಿಟ್ಟಿದ್ದೆವು. ಬೇರಿಂಗ್ ನಿಜವಾಗಿ ಏರಿದ್ದು 40ರಿಂದ 60ಕ್ಕೆ, ಸ್ಕ್ರೀನ್ ಮೇಲೆ 87. ಟ್ರಿಪ್. ನಾಲ್ಕೂವರೆ ಗಂಟೆ ಮೆಷಿನ್ ನಿಂತಿತು. ಆ ಬೇರಿಂಗಿಗೆ ನಾನು ಕೈ ಇಟ್ಟು ನೋಡಿದೆ, ಅರೆಕ್ಷಣ ಕೈ ತಡೆಯುವಷ್ಟು ಬಿಸಿ, ಅಷ್ಟೇ.

ಲೆಕ್ಕ ತಿದ್ದಿದೆವು. ಆಮೇಲೆ ಎಪಾಕ್ಸಿ ನಿಧಾನಕ್ಕೆ ಜಾರೋಕೆ ಶುರು. ಐದು ತಿಂಗಳಲ್ಲಿ ಅದೇ ಬೇರಿಂಗ್ 6 ಡಿಗ್ರಿ ಕಮ್ಮಿ ತೋರಿಸುತ್ತಿತ್ತು. ಕೊನೆಗೆ 24ಕ್ಕೂ ಕೊಳವೆಯದ್ದೇ ತಂದೆವು. ಈಗ ಎರಡು ವರ್ಷ ಆಯಿತು, ಒಂದೂ ಕೈಕೊಟ್ಟಿಲ್ಲ.

ಇನ್ನು ವೈಬ್ರೇಶನ್. ಅದೇ ಡಬ್ಬದಲ್ಲಿ ಫ್ಯಾನ್ ನೋಡೋಣ ಅಂತ ಹೋದರೆ, ಅದು ಸೆಕೆಂಡಿಗೆ 2 ಸಲ ಮಾತ್ರ ಓದುತ್ತೆ. ಸೆಕೆಂಡಿಗೆ 25 ಸುತ್ತು ತಿರುಗೋ ಫ್ಯಾನನ್ನು ಎರಡು ಸಲ ನೋಡಿದರೆ ಏನು ಕಾಣುತ್ತೆ? ಕಿಲೋಹರ್ಟ್ಜ್‌ನಲ್ಲಿ ಓದೋ ಡಬ್ಬಕ್ಕೆ 17 ಲಕ್ಷ ಕೇಳಿದರು. ಅದು ಇವತ್ತಿಗೂ ಸ್ಯಾಂಕ್ಷನ್ ಆಗಿಲ್ಲ.

ಹಳೇ ಫೋರ್‌ಮನ್
31 ವರ್ಷ ಸರ್ವೀಸು ಮಾಡಿ ರಿಟೈರ್ ಆದವನು. ಪಿಟಿ100 (ಮಾಮೂಲಿ ಪ್ಲಾಟಿನಂ ಆರ್‌ಟಿಡಿ) ಒಂದಕ್ಕೆ 1,400 ರೂಪಾಯಿ. ಮೂರು ತಂತಿ, ಒಂದು ಸ್ಕ್ರೂಡ್ರೈವರ್, ಒಂದು ಮೀಟರ್. 0 ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.5. ಐಟಿಐ ಮುಗಿಸಿ ನಿನ್ನೆ ಬಂದ ಹುಡುಗನೂ ಚೆಕ್ ಮಾಡ್ತಾನೆ. ಮೇಲೆ ಬರೆದವರ ಬೇರಿಂಗ್ ಮೇಲೆ ಪಿಟಿ100 ಇದ್ದಿದ್ದರೆ 60 ಅಂತಲೇ ಹೇಳುತ್ತಿತ್ತು, ಮೆಷಿನ್ ನಿಲ್ಲುತ್ತಿರಲಿಲ್ಲ. ನಮ್ಮ ಟರ್ಬೈನಿಗೆ ನಾನು ಹಾಕಿದ್ದ ಬೇರಿಂಗ್ ಆರ್‌ಟಿಡಿ ನಾನು ಹೊರಬರೋವರೆಗೂ ಅದೇ ಇತ್ತು. ಪರದೇಶದ ಫ್ಯಾಷನ್ನಿಗೆ ರೈತರ ದುಡ್ಡು ಸುರಿಯಬೇಡಿ.

ಎಳೆಬೆಳಕು
ಫೋರ್‌ಮನ್ ಸಾಹೇಬ್ರೇ, ನನ್ನ ತಪ್ಪು ನಾನೇ ಬಿಚ್ಚಿ ಹೇಳಿದ್ದೀನಿ, ಅದನ್ನೇ ಹಿಡಿದು ಹೊಡೀಬೇಡಿ. ಆವಿಯಲ್ಲಿ ನಿಮ್ಮ ಪಿಟಿ100ನ ತಾಮ್ರ ಹಸಿರುಗಟ್ಟಿ ಹೋಗುತ್ತಿತ್ತು. ಒಂದು ವರ್ಷ ಮುಂಗಾರಿನ ಮೊದಲ ಸಿಡಿಲಿಗೆ ಮೆಷಿನ್ ನಡೆಸೋ ಕಂಟ್ರೋಲರ್ ಆದ ಪಿಎಲ್‌ಸಿಯ ಎರಡು ಆರ್‌ಟಿಡಿ ಕಾರ್ಡ್ ಸುಟ್ಟವು, ಒಂದೊಂದು 38 ಸಾವಿರ. ಗಾಜಿನ ಎಳೆಗೆ ಸಿಡಿಲಿನ ಭಯ ಇಲ್ಲ.

ಹಳೇ ಫೋರ್‌ಮನ್
ಅರ್ಥಿಂಗ್ ಸರಿ ಮಾಡಿ ಅಂತ ಅರ್ಥ ಅದು.

ಜೋಗದ ಕಡೆಯವನು
ಅರ್ಥಿಂಗ್ ಜಗಳ ಆಮೇಲೆ ಆಡಿ. 11 ಕೆವಿ ಕಾಯಿಲ್ ತಲೆಯ ಮೇಲೆ ಪಿಟಿ100 ತಂತಿಯನ್ನೋ ಪೈಜೋ ಆಕ್ಸಿಲರೋಮೀಟರನ್ನೋ (ಕಂಪನ ಅಳೆಯೋ ತಂತಿಯ ಸೆನ್ಸರ್) ಯಾರೂ ಕಟ್ಟಲ್ಲ. ಆ ಜಾಗಕ್ಕೆ ಲೋಹ ಹೋಗಬಾರದು. ಅಲ್ಲಿ ಫೈಬರ್ ಬಿಟ್ಟರೆ ದಾರಿ ಇಲ್ಲ.

ನಾನು ಮಲೆನಾಡಿನ ಜಲವಿದ್ಯುತ್ ಕೇಂದ್ರವೊಂದರಲ್ಲಿ ಇದ್ದವನು. ನಾವು ಹಾಕಿದ್ದು ಎಫ್‌ಬಿಜಿ ಅಲ್ಲ, ಫೈಬರ್ ಆಕ್ಸಿಲರೋಮೀಟರ್. ಬೆರಳಿನಷ್ಟು ದಪ್ಪ, ಲೋಹ ಇಲ್ಲದ ತಲೆ, ಹಿಂದೆ 10 ಮೀಟರ್ ಎಳೆ. ಒಂದಕ್ಕೆ 1 ಲಕ್ಷದ 85 ಸಾವಿರ ಬಿತ್ತು. ಆರು ತಂದೆವು. ಗ್ಲಾಸ್ ಟೇಪ್ ಸುತ್ತಿ, ರೆಸಿನ್ ಹಚ್ಚಿ, ಒಣಗೋಕೆ ಒಂದು ದಿನ. ಅಷ್ಟರಲ್ಲಿ ಅಕ್ಕಪಕ್ಕ ಗ್ರೈಂಡಿಂಗ್ ಮಾಡಿದವರ ಧೂಳು ರೆಸಿನ್ ಮೇಲೆ ಕೂತು ಎರಡನ್ನು ಕೆರೆದು ಮತ್ತೆ ಅಂಟಿಸಿದೆವು. ಕೆರೆಯುವಾಗ ಒಂದರ ಎಳೆ ಬುಡದಲ್ಲೇ ಪಟ್ ಅಂತ ಮುರೀತು. 1 ಲಕ್ಷದ 85 ಸಾವಿರ ಅಲ್ಲೇ ಹೋಯಿತು.

ಇನ್ನೂ ದೊಡ್ಡ ತಪ್ಪು ಬೇರೆ ಇದೆ. ಸೆನ್ಸರನ್ನು ಗಡಿಯಾರದ ಮುಳ್ಳಿನ ಹಾಗೆ ಸಮ ಅಂತರದಲ್ಲಿ ಹಾಕಿಬಿಟ್ಟೆವು. ಎಂಡ್ ವೈಂಡಿಂಗ್ ನಡುಗೋದು 100 ಹರ್ಟ್ಜ್‌ಗೆ, ಲೈನ್ 50ರ ಎರಡರಷ್ಟು. ಯಾವ ಕಾಯಿಲ್ ತಲೆಯ ಸ್ವಂತ ಕಂಪನ ಆ 100ರ ಹತ್ತಿರ ಇದೆಯೋ ಅದೇ ಕುಣಿಯೋದು. ಅದನ್ನು ಮೊದಲು ಸುತ್ತಿಗೆ ಟೆಸ್ಟ್ ಮಾಡಿ ಹುಡುಕಬೇಕು. ನಾವು ಮಾಡಲಿಲ್ಲ. ಮುಂದಿನ ಶಟ್‌ಡೌನ್‌ನಲ್ಲಿ ರಬ್ಬರ್ ತಲೆಯ ಸುತ್ತಿಗೆಯಲ್ಲಿ ಒಂದೊಂದೇ ಕಾಯಿಲ್ ತಟ್ಟುತ್ತಾ ಹೋದಾಗ 103, 104 ಬಂದ ಕಾಯಿಲ್‌ಗಳು ಎರಡು ಸೆನ್ಸರ್ ನಡುವೆ ಆರಾಮಾಗಿ ಕೂತಿದ್ದವು. ಅಷ್ಟು ದಿನ ನಾವು ನೋಡುತ್ತಿದ್ದದ್ದು ಗಟ್ಟಿ ಕಾಯಿಲ್‌ಗಳನ್ನ. ಮತ್ತೆ ರೋಟರ್ ತೆಗೆಯುವಾಗಲೇ ಜಾಗ ಬದಲಿಸಿದ್ದು.

ಯಾರ್ಡ್ ಬಸವ
ರೀ, ಒಳಗೆ ಹೋದದ್ದು ಮತ್ತೆ ಸಿಗಲ್ಲ ಅನ್ನೋದು ಟ್ರಾನ್ಸ್‌ಫಾರ್ಮರಿನವರಿಗೆ ಗೊತ್ತು. ನಮ್ಮ 66 ಕೆವಿ, 20 ಎಂವಿಎ ಟ್ರಾನ್ಸ್‌ಫಾರ್ಮರ್ ಆರ್ಡರ್ ಮಾಡುವಾಗ ವೈಂಡಿಂಗ್ ಒಳಗೆ 8 ಫೈಬರ್ ಪ್ರೋಬ್ ಕೇಳಿದ್ದೆ. ಮೇಲಿನ ಡಿಸ್ಕ್‌ಗಳ ಸ್ಪೇಸರ್ ಸೀಳಿ, ಅದರೊಳಗೆ ಪ್ರೋಬ್ ಮಲಗಿಸಬೇಕು. ಆಮೇಲೆ ಹಾಕೋ ಹಾಗಿಲ್ಲ. ಪ್ರೋಬ್ 34 ಸಾವಿರ, ಮಾನಿಟರ್ 5 ಲಕ್ಷದ 10 ಸಾವಿರ.

ಕಾಯಿಲ್ ಒತ್ತಿ ಬಿಗಿಯುವಾಗ ಎರಡು ಸತ್ತವು. ಟ್ಯಾಂಕಿಗೆ ಇಳಿಸುವಾಗ ಇನ್ನೊಂದು. ಟ್ಯಾಂಕ್ ಗೋಡೆಯ ಪ್ಲೇಟ್‌ನಲ್ಲಿ ಎಂಟು ತೂತು, ಐದರಲ್ಲಿ ಬೆಳಕು. ನಾನು ಫ್ಯಾಕ್ಟರಿಯಲ್ಲೇ ನಿಂತು ಟಾರ್ಚ್ ಬಿಟ್ಟು ನೋಡಿದ್ದೆ, ಆ ಮೂರು ಕಪ್ಪು ಚುಕ್ಕೆ ಇವತ್ತಿಗೂ ಕಣ್ಣಲ್ಲಿವೆ. ತಯಾರಕರು ಐದಕ್ಕೆ ಬಿಲ್ ಕಮ್ಮಿ ಮಾಡಲಿಲ್ಲ, ಎಂಟರದ್ದೇ ತಗೊಂಡರು.

ಆದರೂ ಹಾಕಿಸಿದ್ದು ಸರಿ ಅಂತಲೇ ಹೇಳ್ತೀನಿ. ಏಪ್ರಿಲ್ ಮಧ್ಯಾಹ್ನ ಡಬ್ಲ್ಯುಟಿಐ (ವೈಂಡಿಂಗ್ ಟೆಂಪರೇಚರ್ ಮೀಟರ್) 82 ತೋರಿಸುವಾಗ ಫೈಬರ್ 93 ಅಂದಿತು. ಡಬ್ಲ್ಯುಟಿಐ ನಿಜವಾಗಿ ವೈಂಡಿಂಗ್ ಮುಟ್ಟಲ್ಲ, ಎಣ್ಣೆಯ ಟೆಂಪರೇಚರಿಗೆ ಸಿಟಿ (ಕರೆಂಟ್ ಅಳೆಯೋ ಸಣ್ಣ ಟ್ರಾನ್ಸ್‌ಫಾರ್ಮರ್) ಕರೆಂಟಿನಿಂದ ಹೀಟರ್ ಕಾಯಿಸಿ ಅಂದಾಜು ಹೇಳುತ್ತೆ. 98ರ ಮೇಲೆ ಪ್ರತಿ 6 ಡಿಗ್ರಿಗೆ ವೈಂಡಿಂಗಿಗೆ ಸುತ್ತಿರೋ ಕಾಗದದ ಆಯಸ್ಸು ಅರ್ಧ ಆಗುತ್ತೆ ಅಂತ ಐಇಸಿ (ಅಂತರರಾಷ್ಟ್ರೀಯ ಎಲೆಕ್ಟ್ರಿಕಲ್ ಮಾನದಂಡ) ಲೆಕ್ಕ. ಅವತ್ತೇ ಫ್ಯಾನ್ ಬೇಗ ಶುರುವಾಗೋ ಹಾಗೆ ಸೆಟ್ಟಿಂಗ್ ಇಳಿಸಿದೆ. ಫೋರ್‌ಮನ್ ಅಣ್ಣಾವ್ರು ಇದನ್ನ ಫ್ಯಾಷನ್ ಅಂದರೆ ನನಗೆ ಬೇಜಾರು.

ಕಲ್ಲಿದ್ದಲ ಕೈ
ಪರದೇಶದ ಫ್ಯಾಷನ್ ಅಂದವರಿಗೆ ಒಂದು ಮಾತು. ಡಿಟಿಎಸ್ (ಎಳೆಯ ಉದ್ದಕ್ಕೂ ಟೆಂಪರೇಚರ್ ಓದೋ ಫೈಬರ್ ವ್ಯವಸ್ಥೆ) ನಡೆಯೋದು ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮದ ಮೇಲೆ. ವಾಪಸ್ ಬರೋ ಬೆಳಕಿನ ಎರಡು ಬಣ್ಣದ ಅನುಪಾತ ನೋಡಿ ಟೆಂಪರೇಚರ್ ಹೇಳುತ್ತೆ.

ಹಾಗಂತ ನನ್ನ ಕಥೆ ಸುಖದ್ದಲ್ಲ. ಕಲ್ಲಿದ್ದಲು ಕನ್ವೇಯರ್, 1.8 ಕಿಲೋಮೀಟರ್. ಐಡ್ಲರ್ (ಬೆಲ್ಟ್ ಹೊರೋ ರೋಲರ್) ಕಾದು ಬೆಂಕಿ ಹತ್ತುತ್ತೆ ಅಂತ ಡಿಟಿಎಸ್ ಹಾಕಿಸಿದೆವು, 28 ಲಕ್ಷ. ಟ್ರೇಯಲ್ಲಿ ಆಗಲೇ ಸಿಂಗಲ್ ಮೋಡ್ ಕೇಬಲ್ ಖಾಲಿ ಇತ್ತು, ಅದನ್ನೇ ಬಳಸಿ ಅಂತ ಪರ್ಚೇಸ್‌ನವರ ಹಟ. ಡಬ್ಬ ಬಂದಿದ್ದು ಮಲ್ಟಿಮೋಡ್‌ಗೆ, ಅಂದರೆ ದಪ್ಪ ಕೋರ್ ಇರೋ ಬೇರೆ ಬಗೆಯ ಎಳೆಗೆ. ಮತ್ತೆ ಹೊಸ ಕೇಬಲ್, ಮೀಟರಿಗೆ 160. ಹೋಗಿ ಬರೋದಕ್ಕೆ ಲೂಪ್ ಮಾಡಿ 3,600 ಮೀಟರ್ ಎಳೆದೆವು. 5 ಲಕ್ಷದ 76 ಸಾವಿರ, ಎಳೆದ ಕೂಲಿ ಬೇರೆ.

ಮಳೆಗಾಲದಲ್ಲಿ ಒಂದು ಐಡ್ಲರ್ ಕೆಂಪಗಾಗಿ ಬೆಲ್ಟ್ ಸುಟ್ಟಿತು, ಅಲಾರಂ ಬರಲಿಲ್ಲ. ಯಾಕೆ ಗೊತ್ತಾ? ಡಬ್ಬ ಒಂದು ಮೀಟರ್ ಉದ್ದದ ಸರಾಸರಿ ಹೇಳುತ್ತೆ. ಸುತ್ತ 35 ಡಿಗ್ರಿ, 10 ಸೆಂಟಿಮೀಟರ್ ತುಂಡು ಮಾತ್ರ 110 ಆದರೆ ಸರಾಸರಿ 42.5. ನಮ್ಮ ಅಲಾರಂ 70ಕ್ಕೆ ಇತ್ತು. ಈಗ ಪ್ರತಿ ಐಡ್ಲರ್ ಹತ್ತಿರ ಕೇಬಲನ್ನು ಸುರುಳಿ ಸುತ್ತಿ ಬ್ರ್ಯಾಕೆಟ್‌ಗೆ ಕಟ್ಟಿದ್ದೇವೆ. ಎಷ್ಟು ಡಿಗ್ರಿ ಅನ್ನೋದಕ್ಕಿಂತ ಎಷ್ಟು ಬೇಗ ಏರಿತು ಅನ್ನೋದರ ಮೇಲೆ ಅಲಾರಂ ಇಟ್ಟಿದ್ದೇವೆ. ಹೆಗ್ಗಣ ಮೂರು ಸಲ ಕಡಿದಿದೆ. ಸ್ಟೀಲ್ ಆರ್ಮರ್ ಇಲ್ಲದ ಕೇಬಲ್ ತರಲೇಬೇಡಿ.

ಮಸ್ಕತ್ ಮಂಜು
ಒಂದು ಮೀಟರ್ ಅಂತ ಅಳುತ್ತೀರಲ್ಲ! ನಾನು ಒಮಾನ್‌ನಲ್ಲಿ ತೈಲಬಾವಿ ಕೆಲಸದಲ್ಲಿದ್ದೇನೆ. ಬಾವಿಯೊಳಗಿನ ಬಿಸಿಗೆ ಹೈಡ್ರೋಜನ್ ಗಾಜಿನೊಳಕ್ಕೆ ನುಗ್ಗಿ ಎಳೆ ಕಪ್ಪಾಗುತ್ತೆ. ಆ ಎರಡು ಬಣ್ಣಕ್ಕೂ ಒಂದೇ ಸಮ ಕಪ್ಪಾಗಲ್ಲ, ಅದಕ್ಕೇ ಟೆಂಪರೇಚರ್ ಸುಳ್ಳು ಹೇಳೋಕೆ ಶುರು. ಎರಡೂ ತುದಿಯಿಂದ ಓದಿದರೆ ಸರಿ ಮಾಡಬಹುದು. ಕಾರ್ಬನ್ ಲೇಪದ ಎಳೆ ತರಿಸೋವರೆಗೆ ನಮಗೆ ನಿದ್ದೆ ಇರಲಿಲ್ಲ.

ವೈಬ್ರೇಶನ್ನಿಗೆ ಡಿಎಎಸ್ (ಎಳೆಯ ಉದ್ದಕ್ಕೂ ಕಂಪನ ಓದೋ ವ್ಯವಸ್ಥೆ) ಬಳಸೋದು. 10 ಕಿಲೋಮೀಟರ್, ಮೀಟರಿಗೊಂದು ಚಾನೆಲ್, ಸೆಕೆಂಡಿಗೆ 1000 ಸಲ, ಒಂದೊಂದು ಓದು 4 ಬೈಟ್. ಲೆಕ್ಕ ಹಾಕಿ: ದಿನಕ್ಕೆ 3.4 ಟೆರಾಬೈಟ್ ದಾಟುತ್ತೆ. ಶುಕ್ರವಾರ ರಜೆ ಅಂತ ಹೋಗಿ ಶನಿವಾರ ಬಂದರೆ ಡಿಸ್ಕ್ ತುಂಬಿ ರೆಕಾರ್ಡಿಂಗ್ ನಿಂತಿತ್ತು.

ಕಲ್ಲಿದ್ದಲ ಕೈ
ನಾನು ಅಳಲಿಲ್ಲ ಮಂಜು ಅವರೇ, ಬೆಲ್ಟ್ ಸುಟ್ಟದ್ದನ್ನ ಹೇಳಿದೆ. ಬಾವಿಗೂ ಬಾಯ್ಲರ್‌ಗೂ ಏನು ಸಂಬಂಧ?

ಪದಪ್ರೇಮಿ
ದಯವಿಟ್ಟು ತಪ್ಪು ತಿಳಿಯಬೇಡಿ. ಇಷ್ಟು ಚೆನ್ನಾಗಿ ಬರೆಯುವ ನೀವು ಸೆನ್ಸರ್ ಬದಲು ಸಂವೇದಕ, ವೈಬ್ರೇಶನ್ ಬದಲು ಕಂಪನ ಅನ್ನಬಹುದಲ್ಲ? ಹೊಸ ಹುಡುಗರು ಓದುತ್ತಾರೆ.

ಹಳೇ ಫೋರ್‌ಮನ್
ಕಂಪನ ಅಂದರೆ ಶಿಫ್ಟಿನವರಿಗೂ ತಿಳಿಯುತ್ತೆ, ಒಪ್ಪಿದೆ. ಆದರೆ ಸ್ಟೋರಿಗೆ ಹೋಗಿ ‘ಸಂವೇದಕ ಕೊಡಿ’ ಅಂದರೆ ಏನೂ ಸಿಗಲ್ಲ. ಇಂಡೆಂಟ್‌ನಲ್ಲಿರೋ ಪದವೇ ಇರಲಿ.

ಯಾರ್ಡ್ ಬಸವ
ಇದರಲ್ಲಿ ನಾನು ಫೋರ್‌ಮನ್ ಅಣ್ಣಾವ್ರ ಕಡೆ.

ಎಳೆಬೆಳಕು
ಎಲ್ಲರೂ ಬಿಟ್ಟದ್ದು ಕನೆಕ್ಟರ್. ಎಳೆಯ ಕೋರ್ 9 ಮೈಕ್ರಾನ್, ತಲೆಗೂದಲು 70ರ ಹತ್ತಿರ. ನಮ್ಮ ಹುಡುಗ ಬನಿಯನ್ ವೇಸ್ಟ್‌ನಲ್ಲಿ ಒರೆಸಿ ಹಾಕಿದ. ಎಂಟು ಸೆನ್ಸರ್‌ಗಳ ಒಂದು ಸಾಲೇ ಮಾಯ. ಎರಡು ದಿನ ಡಬ್ಬವನ್ನೇ ಬೈದೆವು. ಹಸಿರು ತಲೆಯದ್ದನ್ನ ನೀಲಿ ತಲೆಗೆ ಹಾಕೋದೂ ಅಷ್ಟೇ, ಹಸಿರಿನ ಮೂತಿ 8 ಡಿಗ್ರಿ ಓರೆ ಇರುತ್ತೆ.

ಜೋಗದ ಕಡೆಯವನು
ಸ್ಪಿರಿಟ್‌ನಲ್ಲಿ ಒರೆಸಿದರೆ ಆಯ್ತು, ನಾವು ಹಾಗೇ ಮಾಡೋದು.

ಎಳೆಬೆಳಕು
ಸ್ಪಿರಿಟ್ ಅಲ್ಲ ಸ್ವಾಮಿ, ಒಣಗಿದ ಮೇಲೆ ಕಲೆ ಬಿಡುತ್ತೆ. 99 ಪರ್ಸೆಂಟ್ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್), ಲಿಂಟ್ ಇಲ್ಲದ ಬಟ್ಟೆ. ಸ್ಕೋಪ್‌ನಲ್ಲಿ ನೋಡದೆ ಹಾಕೋದೇ ತಪ್ಪು.

ಜೋಗದ ಕಡೆಯವನು
ಐದು ವರ್ಷದಿಂದ ಕಲೆ ಬಿದ್ದಿಲ್ಲ. ಕಾಗದದ ಕಾರ್ಖಾನೆಯ ಧೂಳು ನಮ್ಮಲ್ಲಿಲ್ಲ, ಅಷ್ಟೇ ವ್ಯತ್ಯಾಸ.

ಕಬ್ಬಿನೂರು
ಎಲ್ಲರಿಗೂ ಥ್ಯಾಂಕ್ಸ್. ಜೋಗದ ಕಡೆಯ ಸರ್ ಹೇಳಿದ ಸುತ್ತಿಗೆ ಟೆಸ್ಟ್ ಮಾಡೋರನ್ನ ಹುಡುಕುತ್ತಿದ್ದೇನೆ, ಮೇಲಿನ ಕವರ್ ಇನ್ನೂ ಮುಚ್ಚಿಲ್ಲ. ಎಳೆಬೆಳಕು ಸರ್ ಹೇಳಿದ್ದು ಓದಿ ಕೊಟೇಶನ್ ಮತ್ತೆ ತೆಗೆದೆ. 11ನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಸ್ಕ್ಯಾನ್ ರೇಟ್ 5 ಹರ್ಟ್ಜ್’ ಅಂತ ಇದೆ. ನನಗೆ ಬೇಕಾದದ್ದು 100 ಹರ್ಟ್ಜ್ ಕಂಪನ ಅಲ್ವಾ?

ಎಳೆಬೆಳಕು
ಹೌದು. 100 ಕಾಣಬೇಕಾದರೆ ಸೆಕೆಂಡಿಗೆ 200ಕ್ಕಿಂತ ಜಾಸ್ತಿ ಓದಲೇಬೇಕು, ಕೆಲಸಕ್ಕೆ ಬರಬೇಕಾದರೆ ಸಾವಿರ ಇರಲಿ. ಇನ್ನೊಂದು ಕೇಳಿ. ಒಳಗೆ ಸ್ವಿಚ್ ಇದ್ದರೆ ಆ 5 ಕೂಡ ಎಂಟು ಚಾನೆಲ್‌ಗೆ ಹಂಚಿ ಹೋಗುತ್ತೆ. ಒಂದೊಂದಕ್ಕೂ 5ಆ, ಎಲ್ಲಾ ಸೇರಿಯಾ?

ಕಬ್ಬಿನೂರು
ಬೆಳಿಗ್ಗೆಯಿಂದ ಅದನ್ನೇ ಕೇಳೋಕೆ ಫೋನ್ ಮಾಡ್ತಿದ್ದೀನಿ. ಎತ್ತುತ್ತಿಲ್ಲ.