ಪೆಕ್ಸ್ ಪೈಪಿಗೆ ಕ್ರಿಂಪ್, ಕ್ಲ್ಯಾಂಪ್, ಎಕ್ಸ್‌ಪ್ಯಾನ್ಷನ್: ಟ್ಯಾಂಕ್ ನೀರಿನ ಮನೆಗೆ ಯಾವುದು?

ತೋಟದಮನೆ_ತೀರ್ಥಹಳ್ಳಿ
ಹಳೇ ಜಂಬಿಟ್ಟಿಗೆ ಮನೆ. ತುಕ್ಕು ಹಿಡಿದ ಜಿಐ ಪೈಪ್ ತೆಗೆದು, ಗೋಡೆ ಹೆಚ್ಚು ಕಡಿಯದೆ ಪೆಕ್ಸ್ (ಬಗ್ಗುವ ಪ್ಲಾಸ್ಟಿಕ್ ಪೈಪ್) ಹಾಕಬೇಕು. ಎರಡು ಬಚ್ಚಲು, ಒಂದು ಅಡುಗೆಮನೆ. ಟ್ಯಾಂಕಿನ ತಳ ಮಹಡಿಯ ಶವರ್‌ಗಿಂತ ಎರಡೂವರೆ ಮೀಟರ್ ಮೇಲಿದೆ, ಪ್ರೆಷರ್ ಪಂಪ್ ಇಲ್ಲ. ಮೇಲೆ ಗೀಸರ್, ಕೆಳಗೆ ಸೌದೆ ಒಲೆಯ ತಾಮ್ರದ ಬಾಯ್ಲರ್. ಯಾವ ಫಿಟ್ಟಿಂಗ್, ಯಾವ ಟೂಲ್ ತಗೊಳ್ಳಲಿ?

ಸಾಗರ_ಪೈಪ್‌ಕೆಲಸ
ಟೂಲ್ ವಿಷಯ ಆಮೇಲೆ ಮಾರಾಯ್ರೆ, ಮೊದಲು ಟ್ಯಾಂಕಿನ ಎತ್ತರ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ನಿಮ್ಮ ಶವರ್‌ಗೆ ಸಿಗೋದು ಕಾಲು ಬಾರ್. ಅರ್ಧ ಇಂಚು ಪೆಕ್ಸ್‌ನ ಒಳವ್ಯಾಸ 12.3 ಮಿ.ಮೀ. ಆದರೆ ಕ್ರಿಂಪ್ (ತಾಮ್ರದ ರಿಂಗನ್ನು ಸುತ್ತಲೂ ಒತ್ತೋದು) ಮತ್ತು ಕ್ಲ್ಯಾಂಪ್ (ಸ್ಟೀಲ್ ರಿಂಗಿನ ಕಿವಿ ಚಿವುಟಿ ಬಿಗಿಯೋದು) ಎರಡರಲ್ಲೂ ಫಿಟ್ಟಿಂಗ್ ಪೈಪಿನ ಒಳಗೆ ಕೂರುತ್ತೆ, ಅದರ ತೂತು 9 ಮಿ.ಮೀ. ಆಸುಪಾಸು. ಅಲ್ಲಿ ನೀರಿನ ದಾರಿ ಅರ್ಧಕ್ಕಿಳಿಯುತ್ತೆ. ವಿಡಿಯೊಗಳಲ್ಲಿ ತೋರಿಸುವ ಮೂರು ನಾಲ್ಕು ಬಾರ್ ಲೈನಿನಲ್ಲಿ ಇದು ಗೊತ್ತೇ ಆಗಲ್ಲ, ನಮ್ಮಲ್ಲಿ ಒಂದೊಂದು ಎಲ್ಬೋನೂ ಲೆಕ್ಕಕ್ಕೆ ಬರುತ್ತೆ.

ಹಾಗಾಗಿ ಟ್ಯಾಂಕಿನಿಂದ ಮ್ಯಾನಿಫೋಲ್ಡ್‌ವರೆಗೆ (ಒಂದು ಪೈಪಿನ ನೀರನ್ನು ಹಲವು ಕವಲುಗಳಿಗೆ ಹಂಚುವ ಕೊಳವೆ) 1 ಇಂಚು, ಶವರ್ ಮತ್ತು ಗೀಸರ್‌ಗೆ ಮುಕ್ಕಾಲು, ಉಳಿದ ನಲ್ಲಿಗಳಿಗೆ ಅರ್ಧ. ಮ್ಯಾನಿಫೋಲ್ಡ್‌ನಿಂದ ಪ್ರತಿ ನಲ್ಲಿಗೂ ತುಂಡಿಲ್ಲದ ಪೈಪ್, ಜಾಯಿಂಟ್ ಎರಡು ತುದಿಗಳಲ್ಲಿ ಮಾತ್ರ. ತಿರುವಿನಲ್ಲಿ ಪೈಪನ್ನೇ ಬಗ್ಗಿಸಿ. ಬಾಗಿನ ತ್ರಿಜ್ಯ ಹೊರವ್ಯಾಸದ 8 ಪಟ್ಟು, ಅರ್ಧ ಇಂಚಿಗೆ ಸುಮಾರು 13 ಸೆಂ.ಮೀ.

ಬಜೆಟ್ ಇದ್ದರೆ ಎಕ್ಸ್‌ಪ್ಯಾನ್ಷನ್ (ಪೈಪಿನ ತುದಿ ಹಿಗ್ಗಿಸಿ ಫಿಟ್ಟಿಂಗ್ ತೂರಿಸೋದು) ಒಳ್ಳೇದು, ತೂತು ಕಿರಿದಾಗೋದು ಕಡಿಮೆ. ಆದರೆ ಅದಕ್ಕೆ ಹಿಗ್ಗಿಸಿದರೂ ಮತ್ತೆ ಕುಗ್ಗಿ ಹಿಡಿಯುವ ಪೆಕ್ಸ್-ಎ ಪೈಪೇ ಬೇಕು, ಟೂಲೂ ದುಬಾರಿ. ಒಂದು ಮನೆಗಾದರೆ ಬಾಡಿಗೆಗೆ ಸಿಗುತ್ತಾ ವಿಚಾರಿಸಿ.

ಮಲೆನಾಡು_ಫಿಟ್ಟರ್
ಮೇಲಿನ ಮಾತು ಸರಿ. ಕೊಳ್ಳುವಾಗ ಒಂದು ಎಚ್ಚರಿಕೆ: ಅಮೆರಿಕನ್ ಅಳತೆಯ ಅರ್ಧ ಇಂಚು ಪೈಪ್ ಹೊರಗೆ 15.9 ಮಿ.ಮೀ., ಪೈಪಿನ ಗೋಡೆಯ ದಪ್ಪ 1.8. ಯುರೋಪ್ ಅಳತೆಯದು 16 × 2. ಕಣ್ಣಿಗೆ ಎರಡೂ ಒಂದೇ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಹಾಕಿದರೆ ತೂರಲ್ಲ, ಇಲ್ಲಾ ಬಿಸಿನೀರು ಹರಿದ ಮೇಲೆ ಜಿನುಗುತ್ತೆ. ಪೈಪ್, ಫಿಟ್ಟಿಂಗ್, ರಿಂಗ್ ಮೂರನ್ನೂ ಒಂದೇ ಅಳತೆ ಪದ್ಧತಿಯಲ್ಲಿ ತಗೊಳ್ಳಿ. ನಡುವೆ ಅಲ್ಯೂಮಿನಿಯಂ ಇರುವ ಕಾಂಪೊಸಿಟ್ ಪೈಪ್ ಬೇರೆಯೇ ಜಾತಿ, ಈ ಫಿಟ್ಟಿಂಗ್ ಆಗಲ್ಲ.

ಟೂಲ್‌ಗೆ ನನ್ನ ಓಟು ಕ್ಲ್ಯಾಂಪ್‌ಗೆ. ಒಂದೇ ಟೂಲ್ ಅರ್ಧದಿಂದ 1 ಇಂಚಿನವರೆಗೆ ನಡೆಯುತ್ತೆ, ಒಂದೇ ಬದಿಯಿಂದ ಹಿಡಿದರೆ ಸಾಕು, ಗೋಡೆ ಮೂಲೆಯಲ್ಲೂ ಕೈ ಹೋಗುತ್ತೆ. ಕ್ರಿಂಪ್‌ಗೆ ಪ್ರತಿ ಸೈಜ್‌ಗೂ ಬೇರೆ ದವಡೆ ಬೇಕು. ಜೊತೆಗೆ ಪೈಪ್ ಕಟರ್ ತಗೊಳ್ಳಿ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ತುದಿ ಓರೆಯಾಗಿ ರಿಂಗ್ ಸರಿಯಾಗಿ ಕೂರಲ್ಲ. ರಿಂಗ್ ಪೈಪ್ ತುದಿಯಿಂದ 3ರಿಂದ 6 ಮಿ.ಮೀ. ಒಳಗಿರಲಿ. ಟೆಫ್ಲಾನ್ ಟೇಪ್ ಥ್ರೆಡ್‌ಗೆ ಮಾತ್ರ.

ಬಾವಿ ನೀರು ಮೆದುವಾಗಿ, ಸ್ವಲ್ಪ ಆಮ್ಲೀಯವಾಗಿದ್ದರೆ ಅಗ್ಗದ ಹಿತ್ತಾಳೆಯಿಂದ ಸತು ಕರಗಿ ಫಿಟ್ಟಿಂಗ್ ಟೊಳ್ಳಾಗುತ್ತೆ. ಡಿಝಡ್‌ಆರ್ (ಸತು ಸುಲಭಕ್ಕೆ ಕರಗದ) ಹಿತ್ತಾಳೆ ಅಥವಾ ಪಿಪಿಎಸ್‌ಯು (ಗಟ್ಟಿ ಪ್ಲಾಸ್ಟಿಕ್) ಫಿಟ್ಟಿಂಗ್ ಕೇಳಿ ತಗೊಳ್ಳಿ.

ತೋಟದಮನೆ_ತೀರ್ಥಹಳ್ಳಿ
ಕ್ರಿಂಪ್ ತಗೊಂಡೆ ಅಂತಿಟ್ಟುಕೊಳ್ಳಿ, ಗೇಜ್ (ರಿಂಗ್ ಸರಿಯಾಗಿ ಒತ್ತಿದೆಯಾ ನೋಡುವ ಅಳತೆಪಟ್ಟಿ) ಕೂರದಿದ್ದರೆ ಅದೇ ರಿಂಗನ್ನು ಇನ್ನೊಮ್ಮೆ ಒತ್ತಬಹುದಾ? ಬಾಯ್ಲರ್ ಲೈನೂ ಪೆಕ್ಸೇ ಹಾಕಲಾ?

ಮಲೆನಾಡು_ಫಿಟ್ಟರ್
ಬೇಡ. ರಿಂಗ್ ಕತ್ತರಿಸಿ ತೆಗೆದು, ಗೀರು ಬಿದ್ದ ಪೈಪ್ ತುದಿಯನ್ನೂ ಕೊಯ್ದು ಹೊಸದಾಗಿ ಮಾಡಿ. ಸಾಲಾಗಿ ಎರಡು ಮೂರು ಫೇಲ್ ಆದರೆ ಟೂಲ್ ಅಡ್ಜಸ್ಟ್ ಮಾಡಬೇಕು.

ಸಾಗರ_ಪೈಪ್‌ಕೆಲಸ
ಬಾಯ್ಲರ್‌ಗೆ ಖಂಡಿತ ಬೇಡ. ಸಾಮಾನ್ಯವಾಗಿ ಪೆಕ್ಸ್ ಮೇಲೆ ಬರೆದಿರುವ ಮಿತಿ 82 ಡಿಗ್ರಿಗೆ 100 ಪಿಎಸ್‌ಐ (ಸುಮಾರು 7 ಬಾರ್), ಹೆಚ್ಚೆಂದರೆ 93 ಡಿಗ್ರಿಗೆ 80. ಸೌದೆ ಒಲೆಗೆ ಥರ್ಮೋಸ್ಟಾಟ್ ಎಲ್ಲಿದೆ? ಯಾರೂ ನೀರು ಬಿಡದಿದ್ದರೆ ಕುದಿದು ಆವಿಯೇ ಪೈಪಿಗೆ ಬರುತ್ತೆ. ಬಾಯ್ಲರ್‌ನಿಂದ ಕೆಳಗಿನ ಬಚ್ಚಲಿನ ನಲ್ಲಿವರೆಗೆ ತಾಮ್ರವೇ ಇರಲಿ, ಆವಿ ಹೋಗುವ ತೆರೆದ ಪೈಪಿಗೆ ವಾಲ್ವ್ ಹಾಕಲೇಬೇಡಿ. ಗೀಸರ್‌ಗೆ ಮೊದಲ 45 ಸೆಂ.ಮೀ. ಲೋಹದ ಪೈಪ್ ಸಾಕು.

ಟ್ಯಾಂಕಿನಿಂದ ಒಳಗೆ ಬರುವ ತನಕ ಬಿಸಿಲಿಗೆ ಪೆಕ್ಸ್ ತೋರಿಸಬೇಡಿ. ಅಟ್ಟದಲ್ಲಿ ಇಲಿ ಕಡಿಯುತ್ತೆ, ಅಷ್ಟು ದೂರ ಜಿಐ ಪೈಪಿನೊಳಗೆ ತೂರಿಸಿ. ಬಿಸಿನೀರಿನ ಪೈಪನ್ನು ಎಳೆದು ಬಿಗಿಯಬೇಡಿ: 10 ಮೀಟರ್ ಪೈಪ್ 40 ಡಿಗ್ರಿ ಕಾದರೆ 7 ಸೆಂ.ಮೀ. ಹತ್ತಿರ ಉದ್ದವಾಗುತ್ತೆ.

ಗೋಡೆ ಮುಚ್ಚುವ ಮೊದಲು ಕೈಪಂಪಿನಲ್ಲಿ 7 ಬಾರ್ ನೀರು ಏರಿಸಿ. ಮುಳ್ಳು ಮೊದಲು ಸ್ವಲ್ಪ ಇಳಿಯುತ್ತೆ, ಪೈಪ್ ಹಿಗ್ಗುವುದರಿಂದ. ಮತ್ತೆ ಏರಿಸಿ ಒಂದು ಗಂಟೆ ಬಿಡಿ. ಆಮೇಲೂ ಇಳಿಯುತ್ತಾ ಹೋದರೆ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿ.