ಒಂಬತ್ತು ದಿನದಿಂದ ಉಪವಾಸ ಕುಳಿತಿರುವ ಕಾಪರ್‌ಬ್ಯಾಂಡ್ ಮೀನು: ಪೆಲೆಟ್ ಬೇಡ, ಫ್ಲೇಕ್ ಬೇಡ, ಇನ್ನೇನು ಕೊಡಲಿ?

ಗಡಿಯಾರದಂಗಡಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಗಡಿಯಾರ ರಿಪೇರಿ ನನ್ನ ಕಸುಬು. ಸಿಹಿನೀರಿನ ಮೀನು ಸಾಕಲು ಆರಂಭಿಸಿ ಹದಿನಾಲ್ಕು ವರ್ಷ ಕಳೆದಿವೆ, ಉಪ್ಪುನೀರಿಗೆ ಇಳಿದು ಒಂದೂವರೆ ವರ್ಷ. ನಾಲ್ಕಡಿ ಟ್ಯಾಂಕು, ಸುಮಾರು 300 ಲೀಟರ್. ಅದರಲ್ಲಿ ಒಂದು ಜೊತೆ ಕ್ಲೌನ್ ಮೀನು, ಒಂದು ಹಳದಿ ಬಾಲದ ಡ್ಯಾಮ್ಸೆಲ್, ಕೆಲವು ಶಂಖದ ಹುಳುಗಳು, ಎರಡು ಸೀಗಡಿ ಇವೆ.

ಬಂಡೆಗಳ ಮೇಲೆ ಐಪ್ಟೇಸಿಯಾ ಎಂಬ ಕಳೆ ಹೂವಿನಂಥ ಜೀವಿ ಹಬ್ಬಿತ್ತು. ಅದನ್ನು ತಿನ್ನುತ್ತದೆ ಎಂದು ಬೆಂಗಳೂರಿನ ಒಂದು ಅಂಗಡಿಯಿಂದ ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ತಂದೆ. ಬಿಳಿ ಮೈ, ಕಿತ್ತಳೆ ಪಟ್ಟೆ, ಬೆನ್ನಿನ ಹಿಂಭಾಗದಲ್ಲಿ ಒಂದು ಸುಳ್ಳು ಕಣ್ಣು, ಮುಂದೆ ನೀಳವಾದ ಕೊಕ್ಕಿನಂಥ ಮೂತಿ. ‘ಏನು ಹಾಕಿದರೂ ತಿನ್ನುತ್ತದೆ’ ಎಂದು ಅಂಗಡಿಯವರು ಹೇಳಿದರು, ನಾನು ನಂಬಿದೆ. ಎದುರಿಗೇ ಒಂದು ಚಿಟಿಕೆ ಆಹಾರ ಹಾಕಿ ತೋರಿಸಿ ಎಂದು ಕೇಳಬೇಕಿತ್ತು. ಸೆಕೆಂಡ್ ಹ್ಯಾಂಡ್ ಗಡಿಯಾರವನ್ನು ಕಿವಿಗೆ ಹಿಡಿದು ಕೇಳದೆ ಕೊಳ್ಳದವನು ಮೀನಿನ ವಿಷಯದಲ್ಲಿ ಹೀಗೆ ಏಮಾರಿದೆ.

ಮೊದಲ ಮೂರು ದಿನ ಐಪ್ಟೇಸಿಯಾವನ್ನು ಒಂದೊಂದಾಗಿ ಕಿತ್ತು ತಿಂದಿತು. ಬಂಡೆ ಚೊಕ್ಕವಾಯಿತು. ಅಲ್ಲಿಂದ ಇವತ್ತಿಗೆ ಒಂಬತ್ತು ದಿನ, ಹೊಟ್ಟೆಗೆ ಏನೂ ಇಲ್ಲ. ಕಳೆ ಕೀಳಲು ಆಳನ್ನು ಕರೆಸಿ, ಕೆಲಸ ಮುಗಿದ ಮೇಲೆ ಊಟಕ್ಕೆ ಏನು ಹಾಕಬೇಕೆಂದು ತಿಳಿಯದ ಯಜಮಾನನ ಸ್ಥಿತಿ ನನ್ನದು. ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಹಾಕಿದರೆ ಹತ್ತಿರ ಬಂದು, ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿ ಹೊರಟುಹೋಗುತ್ತದೆ. ಒಂದೆರಡು ಬಾರಿ ಬಾಯಿಗೆ ಎಳೆದುಕೊಂಡು ಉಗುಳಿತು. ತೆಳು ಚೂರಿನ ಫ್ಲೇಕ್ ಕಡೆಗೆ ತಿರುಗಿಯೂ ನೋಡುವುದಿಲ್ಲ. ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ತಂದೆ. ಅದು ನೀರಿನಲ್ಲಿ ತೇಲುತ್ತಾ ಹೋಗುವಷ್ಟರಲ್ಲಿ ಕ್ಲೌನ್‌ಗಳು ಮುಗಿಸುತ್ತವೆ, ಉಳಿದದ್ದಕ್ಕೆ ಡ್ಯಾಮ್ಸೆಲ್ ಇದೆ.

ನೀರು ಸರಿಯಾಗಿದೆ: ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ಅಮೋನಿಯಾ ಸೊನ್ನೆ, ನೈಟ್ರೇಟ್ 10. ಮೈಮೇಲೆ ರೋಗದ ಬಿಳಿ ಚುಕ್ಕೆ ಇಲ್ಲ. ಆದರೆ ಹೊಟ್ಟೆ ಒಳಗೆ ಹೋಗಿದೆ.

ಇನ್ನೊಂದು ತೊಡಕಿದೆ. ನಮ್ಮದು ಮೊಟ್ಟೆಯೂ ಬಾರದ ಮನೆ. ಮೈಸಿಸ್ ಪೊಟ್ಟಣ ಮಾತ್ರೆಯ ಹಾಳೆಯಂತೆಯೇ ಇರುವುದರಿಂದ ಫ್ರೀಜರಿನಲ್ಲಿ ಅದನ್ನು ಕಂಡ ಅಮ್ಮ ‘ಯಾರಿಗೆ ಔಷಧಿ?’ ಎಂದು ಕೇಳಿದರು. ‘ಮೀನಿಗೆ’ ಎಂದೆ. ಸುಳ್ಳಲ್ಲ. ಆದರೆ ಈ ಉತ್ತರ ಹೆಚ್ಚು ದಿನ ನಡೆಯುವುದಿಲ್ಲ.

ತೆಂಗಿನಗರಿ, ಅರಸೀಕೆರೆ

ಟ್ಯೂಬಿಫೆಕ್ಸ್ ಹುಳು ಹಾಕಿ ನೋಡಿ ಸರ್. ಅದನ್ನು ತಿನ್ನದ ಮೀನನ್ನು ನಾನು ಕಂಡಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಒಂದು ಮುದ್ದೆ ಕೊಡುತ್ತಾರೆ.

ಕಡಲಂಚು, ಮಂಗಳೂರು

ಟ್ಯೂಬಿಫೆಕ್ಸ್ ಬೇಡ. ಅದು ಬೆಳೆಯುವುದು ಕೊಳಚೆ ನೀರಿನಲ್ಲಿ, ಎಷ್ಟು ತೊಳೆದರೂ ರೋಗದ ಭಯ ತಪ್ಪುವುದಿಲ್ಲ. ಉಪ್ಪುನೀರಿಗೆ ಬಿದ್ದ ಕೂಡಲೇ ಸಾಯುತ್ತದೆ, ಬಂಡೆಯ ಸಂದಿಗೆ ಸೇರಿ ಕೊಳೆಯುತ್ತದೆ.

ಗಡಿಯಾರದಂಗಡಿಯವರೇ, ನನ್ನ ಬಳಿ ಇದೇ ಜಾತಿಯ ಮೀನು ಐದು ವರ್ಷದಿಂದ ಇದೆ. ಅದಕ್ಕೂ ಮೊದಲು ತಂದ ಎರಡು ಹಸಿವಿನಿಂದಲೇ ಸತ್ತವು, ಆದ್ದರಿಂದ ಹೇಳುವ ಹಕ್ಕು ಇದೆ ಎಂದುಕೊಂಡಿದ್ದೇನೆ. ನೀವು ಆಹಾರವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದೀರಿ. ಮೊದಲು ಬದಲಿಸಬೇಕಾದದ್ದು ಆಹಾರ ಇಡುವ ಜಾಗ. ಆ ಮೂತಿಯನ್ನು ನೋಡಿ: ಬಂಡೆಯ ಸಂದಿಯೊಳಗೆ ತೂರಿಸಿ, ಅಡಗಿದ ಹುಳುವನ್ನು ಕಚ್ಚಿ ಎಳೆಯುವುದಕ್ಕೆ ಆದ ಮೂತಿ ಅದು. ನೀರಿನಲ್ಲಿ ತೇಲಿಬರುವ ವಸ್ತು ಅದರ ಲೆಕ್ಕದಲ್ಲಿ ಆಹಾರವೇ ಅಲ್ಲ, ಕಸ.

ಮರುವಾಯಿ ತನ್ನಿ. ನಿಮ್ಮ ಕಡೆ ಕಪ್ಪೆಚಿಪ್ಪು ಎಂದರೆ ತಿಳಿಯುತ್ತದೆ. ಮಂಗಳೂರಿನಿಂದ ಮೀನು ಬರುವ ಕಡೆಯಲ್ಲೆಲ್ಲ ಒಮ್ಮೊಮ್ಮೆ ಅದೂ ಬರುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿರುವುದನ್ನು ಆರಿಸಿ, ತೊಳೆದು, ಕೆಲವು ದಿನ ಫ್ರೀಜರಿನಲ್ಲಿಟ್ಟು ಬಳಸಿ. ಪರೋಪಜೀವಿಗಳ ಕಾಟ ಕಡಿಮೆಯಾಗುತ್ತದೆ. ಒಂದನ್ನು ಕರಗಿಸಿ, ಚಾಕುವಿನಿಂದ ಬಿಡಿಸಿ, ಮಾಂಸ ಅಂಟಿರುವ ಅರ್ಧ ಚಿಪ್ಪನ್ನು ಅದು ಐಪ್ಟೇಸಿಯಾ ಕಿತ್ತ ಬಂಡೆಗೇ ಒರಗಿಸಿ ಇಡಿ. ಇಟ್ಟು ದೂರ ಹೋಗಿ. ಎರಡು ಗಂಟೆಯ ನಂತರ ಉಳಿದದ್ದನ್ನು ತಪ್ಪದೆ ತೆಗೆಯಿರಿ, ಇಲ್ಲವಾದರೆ ನಿಮ್ಮ ಸೊನ್ನೆ ಅಮೋನಿಯಾ ಸೊನ್ನೆಯಾಗಿ ಉಳಿಯುವುದಿಲ್ಲ.

ಅದು ಬಾಯಿ ಹಾಕಲು ಆರಂಭಿಸಿದ ಮೇಲೆ, ಮಾಂಸದ ನಡುವೆ ಮೈಸಿಸ್ ಒತ್ತಿ ಕೊಡಿ. ದಿನದಿಂದ ದಿನಕ್ಕೆ ಮಾಂಸ ಕಡಿಮೆ ಮಾಡಿ, ಮೈಸಿಸ್ ಹೆಚ್ಚಿಸಿ. ಮರುವಾಯಿಯನ್ನೇ ತಿಂಗಳುಗಟ್ಟಲೆ ಹಾಕಬೇಡಿ: ಹಲವು ಬಗೆಯ ಚಿಪ್ಪುಜೀವಿಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಫ್ರೀಜರಿನಲ್ಲಿಟ್ಟರೆ ಅದು ಹೋಗುವುದಿಲ್ಲ.

ಡ್ಯಾಮ್ಸೆಲನ್ನು ಒಂದು ತೂತಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹತ್ತು ದಿನ ಕೂಡಿಹಾಕಿ. ಎಲ್ಲರೂ ಹೊಸಬನನ್ನು ಬೇರೆ ಇಡುತ್ತಾರೆ. ಕೂಡಿಹಾಕಬೇಕಾದದ್ದು ಪುಂಡನನ್ನು.

ಕಾಫಿ ಕಣ, ಚಿಕ್ಕಮಗಳೂರು

ನನ್ನ ಬಳಿ ಇರುವುದು ಲಯನ್‌ಫಿಶ್. ಅದರ ಹಟ ಬೇರೆ ರೀತಿಯದು: ಜೀವ ಇರುವುದನ್ನಷ್ಟೇ ನುಂಗುತ್ತಿತ್ತು. ಆರಂಭದಲ್ಲಿ ಗೋಲ್ಡ್‌ಫಿಶ್ ಮರಿ ಹಾಕಿದೆ, ತಪ್ಪು ಮಾಡಿದೆ. ಅದರಲ್ಲೂ ಮೇಲೆ ಹೇಳಿದ ಥಯಾಮಿನೇಸ್ ಇದೆ, ಸಿಹಿನೀರಿನ ಮೀನಿನ ಕೊಬ್ಬು ಸಮುದ್ರದ ಮೀನಿಗೆ ಹೊಂದುವುದೂ ಇಲ್ಲ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಸೀಗಡಿ ಚೂರು ಸಿಕ್ಕಿಸಿ, ಅದರ ಮುಂದೆ ನಡುಗಿಸಿ ನಡುಗಿಸಿ ಮೂರು ವಾರ ತೋಟದ ಲೆಕ್ಕಪತ್ರವನ್ನೆಲ್ಲ ಮರೆತೆ. ಇಪ್ಪತ್ತೆರಡನೆಯ ದಿನ ಗಬಕ್ಕನೆ ನುಂಗಿತು. ಈಗ ವಾರಕ್ಕೆ ಮೂರು ಬಾರಿ ಸತ್ತ ಸೀಗಡಿಯನ್ನೇ ತಿನ್ನುತ್ತದೆ.

ನಿಮ್ಮ ಮೀನು ಅಷ್ಟು ದಿನ ಕಾಯಲಾರದು, ಅದರ ಮೈಯಲ್ಲಿ ಕೂಡಿಟ್ಟದ್ದು ಕಡಿಮೆ. ತಲೆಯ ಹಿಂದೆ, ಬೆನ್ನಿನ ಮೇಲ್ಭಾಗವನ್ನು ನೋಡುತ್ತಿರಿ. ಹೊಟ್ಟೆ ಒಳಗೆ ಹೋದರೆ ಹಸಿವು ಎಂದು ತಿಳಿಯಿರಿ. ಬೆನ್ನೂ ಚೂಪಾಯಿತೆಂದರೆ ಸ್ನಾಯು ಕರಗುತ್ತಿದೆ ಎಂದರ್ಥ, ಅಲ್ಲಿಂದ ಹಿಂದೆ ತರುವುದು ಕಷ್ಟ. ಮೈಸಿಸನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸಿಯೂ ನೋಡಿ.

ಕಡಲಂಚು, ಮಂಗಳೂರು

ಬೆಳ್ಳುಳ್ಳಿಯಿಂದ ವಾಸನೆ ಬರುತ್ತದೆ, ಅಷ್ಟೇ. ಬಾಯಿ ಹಾಕಿಸಲು ಒಮ್ಮೊಮ್ಮೆ ನೆರವಾಗಬಹುದು. ಅದನ್ನು ಔಷಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಗಡಿಯಾರದಂಗಡಿ, ಹಾಸನ

ನಾಲ್ಕು ದಿನದ ವರದಿ.

ಐವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ಮೀನು ಮಾರುಕಟ್ಟೆಗೆ ಹೋದೆ. ಕಪ್ಪೆಚಿಪ್ಪು ಇತ್ತು. ‘ಎಷ್ಟು ಕೆ.ಜಿ. ಹಾಕಲಿ?’ ಎಂದರು. ‘ಹತ್ತು ಚಿಪ್ಪು ಸಾಕು’ ಎಂದೆ. ಆತ ಒಮ್ಮೆ ನನ್ನನ್ನು, ಒಮ್ಮೆ ಹಣೆಯ ಮೇಲಿನ ಗಂಧವನ್ನು ನೋಡಿ, ದುಡ್ಡು ತೆಗೆದುಕೊಳ್ಳದೆ ಕಾಗದದಲ್ಲಿ ಕಟ್ಟಿಕೊಟ್ಟರು. ಏನೆಂದು ಭಾವಿಸಿದರೋ!

ಮನೆಯ ಫ್ರೀಜರಿಗೆ ಇದನ್ನು ತರುವ ಧೈರ್ಯವಾಗಲಿಲ್ಲ. ಅಂಗಡಿಯ ಪಕ್ಕದ ತಂಪು ಪಾನೀಯದವರ ಫ್ರೀಜರಿನ ಒಂದು ಮೂಲೆಯಲ್ಲಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಗಿರಾಕಿಗಳ ಎದುರು ತೆರೆಯಬಾರದು ಎಂಬುದು ಅವರ ಷರತ್ತು. ಮೀನಿಗೆ ಬಹಳ ದಿನ ಕಾಯುವ ಶಕ್ತಿ ಇರಲಿಲ್ಲವಾದ್ದರಿಂದ ಎರಡೇ ರಾತ್ರಿ ಕಾಯಿಸಿ ಮೊದಲ ಚಿಪ್ಪನ್ನು ತೆಗೆದೆ. ಕೆಲವು ದಿನ ಎಂದಿದ್ದಿರಿ, ಕ್ಷಮಿಸಿ.

ನಿನ್ನೆ ಬೆಳಿಗ್ಗೆ ಚಿಪ್ಪು ಇಟ್ಟು ದೂರದ ಕುರ್ಚಿಯಲ್ಲಿ ಕುಳಿತೆ. ಮೊದಲು ಬಂದದ್ದು ಶಂಖದ ಹುಳು. ಕಾಪರ್‌ಬ್ಯಾಂಡ್ ಮೂರು ಸಲ ಬಂಡೆಯನ್ನು ಸುತ್ತು ಹಾಕಿತು. ಮುಕ್ಕಾಲು ಗಂಟೆ ಕಳೆದಿರಬೇಕು, ತಲೆಯನ್ನು ಓರೆ ಮಾಡಿ ಚಿಪ್ಪಿನ ಅಂಚಿನ ಕೆಳಗೆ ಮೂತಿ ತೂರಿಸಿತು. ಒಂದು ಎಳೆ ಹೊರಬಂತು. ಉಗುಳುತ್ತದೆ ಎಂದು ಉಸಿರು ಹಿಡಿದು ನೋಡಿದೆ, ಉಗುಳಲಿಲ್ಲ. ಹತ್ತಿರ ಹೋಗಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದೆ: ಆ ಮೂತಿಯ ತುದಿ ಥೇಟ್ ನನ್ನ ಚಿಮಟದ ತುದಿ. ಗಡಿಯಾರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಹಿಡಿಯುವಷ್ಟೇ ನವಿರಾಗಿ ಹಿಡಿದು, ಮಾಂಸ ಹರಿಯದಂತೆ ಕಿತ್ತುಕೊಳ್ಳುತ್ತದೆ. ಇಂಥ ಸಲಕರಣೆ ಇರುವವನ ಮುಂದೆ ಗುಂಡಗಿನ ಪೆಲೆಟ್ ಸುರಿದರೆ ಅವಮಾನವಾಗದೆ ಇರುತ್ತದೆಯೇ.

ನಾಳೆಯಿಂದ ಮೈಸಿಸ್ ಒತ್ತಿ ಕೊಡುತ್ತೇನೆ. ಅಂಗಡಿಯ ಹಿತ್ತಾಳೆಯ ಚಿಮಟ ಬಳಸಬಹುದೇ?

ಕಡಲಂಚು, ಮಂಗಳೂರು

ಖಂಡಿತ ಬೇಡ. ಹಿತ್ತಾಳೆಯಲ್ಲಿ ತಾಮ್ರವಿದೆ, ನಿಮ್ಮ ಸೀಗಡಿ, ಶಂಖದ ಹುಳುಗಳಿಗೆ ಅದು ವಿಷ. ಉಕ್ಕಿನದು ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಇದ್ದರೆ ನೋಡಿ. ಉಳಿದ ಚಿಪ್ಪುಗಳನ್ನು ಅವಸರ ಮಾಡದೆ ಫ್ರೀಜರಿನಲ್ಲೇ ಬಿಡಿ.

ಗಡಿಯಾರದಂಗಡಿ, ಹಾಸನ

ಏಳು ವಾರವಾಯಿತು. ಬರೆಯಲು ತಡವಾದುದಕ್ಕೆ ಕ್ಷಮೆ ಇರಲಿ, ಮದುವೆ ಕಾಲ ಹತ್ತಿರ ಬಂದರೆ ಎಲ್ಲರಿಗೂ ನಿಂತ ಗಡಿಯಾರದ ನೆನಪಾಗುತ್ತದೆ.

ಪ್ಲಾಸ್ಟಿಕ್ ಚಿಮಟ ಅಂಗಡಿಯಲ್ಲೇ ಇತ್ತು. ಗುಂಡಿ ಬ್ಯಾಟರಿ ಹಾಕುವಾಗ ಶಾರ್ಟ್ ಆಗದಿರಲಿ ಎಂದು ಬಳಸುವುದು. ಅದರಿಂದಲೇ ಮಾಂಸದ ಮಡಿಕೆಗಳ ನಡುವೆ ಮೈಸಿಸ್ ಸಿಕ್ಕಿಸಿದೆ. ಮೊದಲ ದಿನ ಮಾಂಸ ತಿಂದು ಮೈಸಿಸ್ ಬಿಟ್ಟಿತು. ಐದನೆಯ ದಿನ ಎರಡನ್ನೂ ತಿಂದಿತು. ಮೂರನೆಯ ವಾರದ ಹೊತ್ತಿಗೆ ಬರಿಯ ಹಳೆಯ ಚಿಪ್ಪಿನಲ್ಲಿ ಮೈಸಿಸ್ ತುಂಬಿಟ್ಟರೂ ಸಾಕಾಯಿತು. ಆಮೇಲೆ ಚಿಪ್ಪಿನ ಹೊರಗೆ ಒಂದು ಬೆರಳು ದೂರದಲ್ಲಿ ಬಿಡಲು ಆರಂಭಿಸಿದೆ, ನಂತರ ಒಂದು ಗೇಣು ದೂರದಲ್ಲಿ. ಈಗ ಡ್ರಾಪರಿನಿಂದ ನೀರಿಗೆ ಬಿಟ್ಟರೆ ತೇಲುತ್ತಿರುವುದನ್ನೇ ಹಿಡಿಯುತ್ತದೆ. ಕ್ಲೌನ್‌ಗಳಿಗೆ ಇನ್ನೊಂದು ತುದಿಯಲ್ಲಿ ಪೆಲೆಟ್ ಹಾಕಿ ಗಮನ ತಪ್ಪಿಸುತ್ತೇನೆ. ಡ್ಯಾಮ್ಸೆಲ್ ಪೆಟ್ಟಿಗೆಯಿಂದ ಹೊರಬಂದ ಎರಡೇ ದಿನಕ್ಕೆ ಹಳೆಯ ಚಾಳಿ ತೋರಿಸಿದ್ದರಿಂದ ಅದನ್ನು ಸ್ನೇಹಿತರೊಬ್ಬರಿಗೆ ಕೊಟ್ಟೆ.

ಹೊಟ್ಟೆ ತುಂಬಿಕೊಂಡಿದೆ. ಬೆನ್ನು ಚೂಪಾಗಲಿಲ್ಲ. ನೈಟ್ರೇಟ್ ಮಾತ್ರ 10ರಿಂದ 25ಕ್ಕೆ ಏರಿತ್ತು. ಮೈಸಿಸ್ ಕರಗಿದ ನೀರನ್ನು ಹಾಗೆಯೇ ಸುರಿಯುತ್ತಿದ್ದೆ, ಈಗ ಟೀ ಸೋಸುವ ಜರಡಿಯಲ್ಲಿ ತೊಳೆದು ಹಾಕುತ್ತೇನೆ. ಜರಡಿ ಬೇರೆಯದೇ, ಹೆಂಡತಿ ಅದಕ್ಕೆ ಕೆಂಪು ದಾರ ಕಟ್ಟಿಟ್ಟಿದ್ದಾಳೆ.

ಗೆಲ್ಲದ ಒಂದು ವಿಷಯ: ಪೆಲೆಟ್. ನೆನೆಸಿ ಪುಡಿ ಮಾಡಿ ಚಿಪ್ಪಿನ ಮಾಂಸಕ್ಕೆ ಬೆರೆಸಿಕೊಟ್ಟೆ. ಉಪ್ಪಿಟ್ಟಿನ ಮೆಣಸಿನಕಾಯಿಯನ್ನು ಮಕ್ಕಳು ತಟ್ಟೆಯಂಚಿಗೆ ಆರಿಸಿಡುವ ಹಾಗೆ ಒಂದೊಂದು ಚೂರನ್ನೂ ಬಾಯಿಂದ ಬೇರ್ಪಡಿಸಿ ಉಗುಳಿತು. ದಿನಕ್ಕೆ ನಾಲ್ಕು ಸಲ ಮೈಸಿಸ್ ಕೊಡಬೇಕು, ಸ್ವಲ್ಪ ಸ್ವಲ್ಪ. ಮಧ್ಯಾಹ್ನದ್ದಕ್ಕೆ ಪಕ್ಕದಂಗಡಿಯ ಫ್ರೀಜರಿನಿಂದ ಥರ್ಮಾಸಿನಲ್ಲಿ ಹಾಕಿಕೊಂಡು ಮನೆಗೆ ಓಡುತ್ತೇನೆ. ಬರುವ ತಿಂಗಳು ಬೇಲೂರಿನಲ್ಲಿ ತಂಗಿಯ ಮಗಳ ಮದುವೆ, ಮೂರು ದಿನ ಹೋಗಲೇಬೇಕು. ಮನೆಯಲ್ಲಿ ಉಳಿಯುವುದು ಅಮ್ಮ ಒಬ್ಬರೇ, ಅವರು ಮೈಸಿಸ್ ಮುಟ್ಟುವುದಿಲ್ಲ. ಏನು ಮಾಡಲಿ?

ಕಡಲಂಚು, ಮಂಗಳೂರು

ಚಿಪ್ಪುಗಳನ್ನು ಎಸೆದಿಲ್ಲ ತಾನೇ? ಮೈಸಿಸ್, ಸ್ವಲ್ಪ ಸೀಗಡಿ, ಪೆಲೆಟ್ ಪುಡಿ ಮೂರನ್ನೂ ನುಣ್ಣಗೆ ರುಬ್ಬಿಕೊಳ್ಳಿ. ಚೈನಾ ಗ್ರಾಸನ್ನು ನೀರಿನಲ್ಲಿ ಕುದಿಸಿ ಕರಗಿಸಿ, ಬೆರಳಿಗೆ ತಾಳುವಷ್ಟು ಬಿಸಿ ಇಳಿದ ಮೇಲೆ, ಗಟ್ಟಿಯಾಗುವ ಮುನ್ನ ಬೆರೆಸಿ ಚಿಪ್ಪುಗಳಿಗೆ ತುಂಬಿ. ತಣಿದರೆ ಹೆಪ್ಪುಗಟ್ಟುತ್ತದೆ, ನೀರಿನಲ್ಲಿ ಕದಡುವುದಿಲ್ಲ. ರುಬ್ಬಿದ ಮೇಲೆ ಪೆಲೆಟನ್ನು ಆರಿಸಿ ಉಗುಳಲು ಅದಕ್ಕೂ ಸಾಧ್ಯವಾಗುವುದಿಲ್ಲ. ಹೆಪ್ಪಾದ ಚಿಪ್ಪುಗಳನ್ನು ಒಂದೊಂದಾಗಿ ಸುತ್ತಿ ಫ್ರೀಜರಿನಲ್ಲಿಡಿ. ಪಕ್ಕದಂಗಡಿಯ ಹುಡುಗ ಬೆಳಿಗ್ಗೆ ಒಂದು, ಸಂಜೆ ಒಂದು ಇಟ್ಟು, ಹಳೆಯದನ್ನು ತೆಗೆದುಕೊಂಡು ಹೋದರೆ ಸಾಕು. ಈಗಿನಿಂದಲೇ ಅಭ್ಯಾಸ ಮಾಡಿಸಿ, ಹೊರಡುವ ದಿನ ಪ್ರಯೋಗ ಮಾಡಬೇಡಿ.

ಮತ್ತೆ, ಅದು 20 ಸೆಂಟಿಮೀಟರ್ ತನಕ ಬೆಳೆಯುವ ಮೀನು. ನಾಲ್ಕಡಿ ಟ್ಯಾಂಕು ಎಂದಿದ್ದೀರಿ. ಹೆಂಡತಿಗೆ ಈಗಲೇ ಸೂಚನೆ ಕೊಟ್ಟಿರಿ.

ಗಡಿಯಾರದಂಗಡಿ, ಹಾಸನ

ಆರಡಿ ಟ್ಯಾಂಕಿನ ಮಾತು ಮದುವೆ ಮುಗಿದ ಮೇಲೆ.

ನಿನ್ನೆ ಸಂಜೆ ಚೈನಾ ಗ್ರಾಸ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಅಮ್ಮ ನೋಡಿ, ಬಹಳ ದಿನವಾಯಿತು ಮಾಡದೆ, ಹಾಲು ಒಂದು ಲೀಟರ್ ತರಿಸಲೋ ಎರಡೋ ಎಂದು ಕೇಳಿದರು. ಒಂದು ಲೀಟರ್ ಸಾಕು ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಇನ್ನೊಂದು ಪೊಟ್ಟಣ ತರಲು ಹೋದೆ.