'ಬಾರ್ಬರೊಸ್' ಎಂಬ ಗ್ರೀಕ್ ಪದ ತಿರಸ್ಕಾರದ್ದೇ?

ಪ್ರಶ್ನೆ:
ಗ್ರೀಕರೂ ರೋಮನ್ನರೂ ಪೂರ್ವದ ಪರ್ಷಿಯನ್ನರನ್ನು, ಭಾರತೀಯರನ್ನು ಅನಾಗರಿಕರೆಂದೇ ಎಣಿಸಿದ್ದರೆಂದು ಹಲವೆಡೆ ಓದಿದ್ದೇನೆ. ಆದರೆ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ 'ಪರ್ಷಿಯನ್ನರು' ನಾಟಕವನ್ನು ಅನುವಾದದಲ್ಲಿ ಓದಿದಾಗ, ಸೋತ ಶತ್ರುವಿನ ತಾಯಿಯ ಸಂಕಟವನ್ನು ಅಷ್ಟು ಘನತೆಯಿಂದ ಚಿತ್ರಿಸಿದವನ ಮನಸ್ಸಿನಲ್ಲಿ ತಿರಸ್ಕಾರವೊಂದೇ ಇದ್ದಿರಲಾರದು ಎನ್ನಿಸಿತು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನಿಮ್ಮ ಅನಿಸಿಕೆಯನ್ನು ನಾನು ಒಪ್ಪುತ್ತೇನೆ. ಅನಾಗರಿಕ ಎಂದು ನಾವು ಅನುವಾದಿಸುವ 'ಬಾರ್ಬರೊಸ್' ಮೊದಲಿಗೆ ನುಡಿಯನ್ನು ಕುರಿತ ಪದ. ತಿಳಿಯದ ಭಾಷೆ ಗ್ರೀಕರ ಕಿವಿಗೆ 'ಬರ್ ಬರ್' ಎಂದು ಕೇಳಿಸುತ್ತಿತ್ತು. ನಮ್ಮ 'ಮ್ಲೇಚ್ಛ' ಪದದ ಹಿಂದೆಯೂ ಅಸ್ಪಷ್ಟವಾದ ಮಾತಿನ ಅರ್ಥವೇ ಇದೆ. ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಕ್ರಿ.ಪೂ. 490ರ ಮ್ಯಾರಥಾನ್, 480ರ ಸಲಾಮಿಸ್ ಕದನಗಳ ಬಳಿಕ ಆ ಪದಕ್ಕೆ ಅರಸನ ಕಾಲಿಗೆ ಬೀಳುವ, ಸ್ವಾತಂತ್ರ್ಯವರಿಯದ ಜನ ಎಂಬ ಭಾವ ಗಟ್ಟಿಯಾಗಿ ಅಂಟಿಕೊಂಡಿತು. ಮ್ಯಾರಥಾನ್‌ನಲ್ಲಿ ತಾನೇ ಕಾದಾಡಿದ್ದ ಈಸ್ಕಿಲಸ್ ಈ ನಾಟಕವನ್ನು ಆಡಿಸಿದ್ದು 472ರಲ್ಲಿ. ಅದರಲ್ಲಿ ಅಥೆನ್ಸಿನವರಿಗೆ ಒಡೆಯನಾರು ಎಂದು ಪರ್ಷಿಯಾದ ರಾಣಿ ಕೇಳಿದರೆ, ಅವರು ಯಾರ ಆಳುಗಳೂ ಅಲ್ಲ ಎಂಬ ಉತ್ತರ ಬರುತ್ತದೆ. ವೈರಿಯ ಮೇಲಿನ ಮರುಕವೂ ತಮ್ಮವರ ಮೇಲಿನ ಹೆಮ್ಮೆಯೂ ಅಲ್ಲಿ ಒಂದೇ ಉಸಿರಿನಲ್ಲಿವೆ.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇನ್ನೂ ಮುಂದೆ ಹೋಗುತ್ತಾನೆ. ಅವನು ಹೇಳುವ ಪ್ರಸಂಗವೊಂದರಲ್ಲಿ ಪರ್ಷಿಯಾದ ದೊರೆ ಡೇರಿಯಸ್ ತನ್ನ ಆಸ್ಥಾನದ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯನ್ನು ತಿನ್ನುವಿರಿ ಎಂದು ಕೇಳುತ್ತಾನೆ. ಎಷ್ಟು ಕೊಟ್ಟರೂ ಆಗದು ಎನ್ನುತ್ತಾರೆ. ಬಳಿಕ, ಹೆತ್ತವರ ಶವವನ್ನು ತಿನ್ನುವ ರೂಢಿಯಿದ್ದ ಕಲ್ಲಾತಿಯರೆಂಬ ಭಾರತೀಯರನ್ನು, ಆ ಗ್ರೀಕರ ಎದುರಿನಲ್ಲೇ, ಎಷ್ಟು ಕೊಟ್ಟರೆ ಶವವನ್ನು ಗ್ರೀಕರಂತೆ ಸುಡುವಿರಿ ಎಂದು ಕೇಳಿದಾಗ, ಅಂಥ ಮಾತನ್ನಾಡಬೇಡಿ ಎಂದು ಅವರು ಕೂಗಿಕೊಳ್ಳುತ್ತಾರೆ. ಎಲ್ಲರಿಗೂ ತಮ್ಮ ಕಟ್ಟಳೆಯೇ ಮೇಲು ಎಂಬುದು ಹೆರೊಡೋಟಸ್‌ನ ತೀರ್ಮಾನ. ಇಂಥ ಬರಹಕ್ಕಾಗಿಯೇ ಗ್ರೀಕ್ ಲೇಖಕ ಪ್ಲುಟಾರ್ಕ್ ಮುಂದೆ ಅವನನ್ನು ಬಾರ್ಬರರ ಪಕ್ಷಪಾತಿ ಎಂದು ದೂರಿದ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಏಷ್ಯಾದವರಿಗೆ ಬುದ್ಧಿಯಿದ್ದರೂ ಕೆಚ್ಚಿಲ್ಲ, ಆದ್ದರಿಂದ ಅವರು ಸದಾ ದಾಸ್ಯದಲ್ಲಿರುತ್ತಾರೆ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಸಿದ್ಧಾಂತವನ್ನೇ ಕಟ್ಟಿದ. ಇದನ್ನು ಮರೆಸಿ ಗ್ರೀಕರನ್ನು ಹೊಗಳುವುದು ನ್ಯಾಯವಲ್ಲ. ರೋಮನ್ನರಲ್ಲಿ ತಾತ್ಸಾರದೊಂದಿಗೆ ಅಂಜಿಕೆಯೂ ಬೆರೆತಿತ್ತು. ಕ್ರಿ.ಪೂ. 53ರಲ್ಲಿ, ಆಗ ಪರ್ಷಿಯಾವನ್ನು ಆಳುತ್ತಿದ್ದ ಪಾರ್ಥಿಯನ್ನರು ರೋಮನ್ ಸೇನಾಪತಿ ಕ್ರಾಸಸ್‌ನ ಸೈನ್ಯವನ್ನು ಕಾರೈ ಎಂಬಲ್ಲಿ ನುಚ್ಚುನೂರು ಮಾಡಿದ್ದರು. ಭಾರತವೊಂದೇ ವರ್ಷಕ್ಕೆ ರೋಮಿನ 5 ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ಸೆಳೆದುಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಹಲುಬಿದ.

ಉತ್ತರ 3:
ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ 'ಚಾರಿಷನ್' ಎಂಬ ಗ್ರೀಕ್ ಪ್ರಹಸನವನ್ನು ಇಲ್ಲಿ ನೆನೆಯಲೇಬೇಕು. ಭಾರತದ ಕಡಲ ತೀರದಲ್ಲಿ ಸೆರೆಯಾದ ಚಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಲು ಬಂದವರು, ನೀರು ಬೆರೆಸದ ದ್ರಾಕ್ಷಾರಸವನ್ನು ಅಲ್ಲಿನ ದೊರೆಗೆ ಕುಡಿಸಿ, ಮತ್ತೇರಿದವನನ್ನು ಕಟ್ಟಿಹಾಕುತ್ತಾರೆ. ದೊರೆಯ ಕಡೆಯವರ ಮಾತುಗಳಲ್ಲಿ ಕನ್ನಡವಿದೆ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ವಾದಿಸಿದರು; ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಮುಂದುವರಿಸಿದರು, ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಪರಭಾಷೆ ಅಲ್ಲಿ ನಗೆಯ ಸರಕೆಂಬುದು ನಿಜ. ಆದರೂ ದೇವಿಯ ಗುಡಿಯ ಕಾಣಿಕೆಗಳನ್ನು ಕದಿಯಲು ಹವಣಿಸುವವನು ಗ್ರೀಕ್ ವಿದೂಷಕನೇ. ಅದು ಸಲ್ಲದೆಂದು ಅವನನ್ನು ತಡೆಯುವವಳು ಅದೇ ಗುಡಿಯಲ್ಲಿ ಸೆರೆಯಾಗಿದ್ದ ಚಾರಿಷನ್.